ಸೈಕಲ್ಲಿನ ಸೀಟು ಜಾರುವುದೇಕೆ?

ಹೊಳಗುಂದ, ಕೌತಾಳಂ, ಕೋಸಿಗಿ, ಹಾಲಹರ್ವಿ ಕಡೆಯ ಹಳ್ಳಿಗಳಲ್ಲಿ ಕನ್ನಡದ ಪ್ರಾಥಮಿಕ ಶಾಲೆ ಮನೆಯ ಬಳಿಯೇ ಇದ್ದರೂ ಪ್ರೌಢಶಾಲೆ ಊರಾಚೆಗೆ ಇರುವುದುಂಟು. ನಡುವಿನ ಎರೆನೆಲದ ದಾರಿಯನ್ನು ಮಕ್ಕಳು ಸೈಕಲ್ಲಿನ ಮೇಲೆ ಕ್ರಮಿಸುತ್ತಾರೆ. ಆ ಸೈಕಲ್ಲಿನ ಸೀಟು ದಿನಕ್ಕೆರಡು ಸಲ ಮೂತಿಯೆತ್ತಿ ಹಿಂದಕ್ಕೆ ವಾಲತೊಡಗಿದರೆ ಮನೆಯವರಿಗೆ ಅದು ಸಣ್ಣ ತೊಂದರೆಯಾಗಿ ಕಾಣುತ್ತದೆ. ಓಡಿಸುವ ಹುಡುಗಿಗೆ ಹಾಗಲ್ಲ. ಹತ್ತಿ ತುಂಬಿದ ಲಾರಿಗೆ ದಾರಿ ಬಿಡಲು ಅಂಚಿಗೆ ಸರಿದ ಕ್ಷಣದಲ್ಲಿ ಸೀಟು ಹೊರಳಿದರೆ ಹ್ಯಾಂಡಲ್ಲೂ ಹೊರಳುತ್ತದೆ. ಎರಡು ಸಲ ಬಿದ್ದ ಮೇಲೆ ಅವಳು ಸೈಕಲ್ಲನ್ನು ತಳ್ಳಿಕೊಂಡೇ ಹೋಗುತ್ತಾಳೆ. ತಡವಾಗಿ ಬಂದುದಕ್ಕೆ ಮಾತು ಕೇಳುತ್ತಾಳೆ. ಕಡೆಗೆ, ಹತ್ತಿರದ ಬೇರೆ ಮಾಧ್ಯಮದ ಶಾಲೆಗೇ ಸೇರಿಸಿದರಾಯಿತೆಂಬ ಮಾತು ಮನೆಯಲ್ಲಿ ಹುಟ್ಟುತ್ತದೆ.

ಸೈಕಲ್ಲಿಗೂ ಓದಿಗೂ ಇರುವ ನಂಟು ಊಹೆಯದಲ್ಲ. ಬಿಹಾರ ಸರಕಾರವು 2006ರಲ್ಲಿ ಪ್ರೌಢಶಾಲೆಯ ಹೆಣ್ಣುಮಕ್ಕಳಿಗಾಗಿ ಆರಂಭಿಸಿದ ಸೈಕಲ್ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಭ್ಯಸಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತೆಂದೂ, ಶಾಲೆ 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ಈ ಏರಿಕೆ ಹೆಚ್ಚೆಂದೂ ಅವರು ಕಂಡರು. ಕರ್ನಾಟಕದಲ್ಲಿ 2006-07ರಿಂದ ಸೈಕಲ್ ಹಂಚಿಕೆ ನಡೆಯಿತು. ಆಂಧ್ರಪ್ರದೇಶದಲ್ಲಿ 2017ರಲ್ಲಿ ಬಂದ ಯೋಜನೆಗೆ ‘ಬಡಿಕೊಸ್ತಾ’, ಎಂದರೆ ‘ಶಾಲೆಗೆ ಬರುತ್ತೇನೆ’ ಎಂದೇ ಹೆಸರು. ಸೈಕಲ್ ಕೊಡುವವರಿದ್ದಾರೆ, ಪಾನ ಹಿಡಿಯುವುದನ್ನು ಮಕ್ಕಳಿಗೆ ಕಲಿಸುವವರು ಕಡಿಮೆ.

ಸೀಟು ಜಾರುವ ಬಗೆ ಮೂರು. ಸೀಟನ್ನು ಹೊತ್ತ ಪೈಪು ಚೌಕಟ್ಟಿನೊಳಕ್ಕೆ ಇಳಿಯಬಹುದು. ಸೀಟು ಎಡಬಲಕ್ಕೆ ತಿರುಗಬಹುದು. ಇಲ್ಲವೆ ಪೈಪು ನಿಂತಲ್ಲೇ ನಿಂತು ಸೀಟಿನ ಮೂತಿ ಮಾತ್ರ ಏಳಬಹುದು, ಬೀಳಬಹುದು. ಒಂದರ ಮದ್ದು ಇನ್ನೊಂದಕ್ಕೆ ಆಗದು. ಆದ್ದರಿಂದ ಪಾನ ಹುಡುಕುವ ಮೊದಲು ಉಗುರುಬಣ್ಣ ಹುಡುಕುವುದು ಲೇಸು. ಪೈಪು ಚೌಕಟ್ಟಿನ ಬಾಯಿಗೆ ಸೇರುವಲ್ಲಿ ಅಂಚಿಗೆ ಹೊಂದಿಸಿ ಅಡ್ಡಗೆರೆಯೊಂದನ್ನೂ, ಎರಡನ್ನೂ ದಾಟುವಂತೆ ಮೇಲಿಂದ ಕೆಳಕ್ಕೆ ಒಂದು ಗೆರೆಯನ್ನೂ ಎಳೆಯಬೇಕು. ಸೀಟಿನ ಕ್ಲಾಂಪು ಪೈಪನ್ನು ತಬ್ಬಿರುವಲ್ಲಿ ಇನ್ನೊಂದು. ಶಾಲೆಗೆ ಹೋಗಿ ಬಂದ ಮೇಲೆ ಯಾವ ಗೆರೆ ಮುರಿದಿದೆಯೋ ರೋಗ ಅಲ್ಲಿದೆ. ಯಾವುದೂ ಮುರಿಯದೆ ಮೂತಿ ಮಾತ್ರ ಎದ್ದಿದ್ದರೆ ರೋಗ ಕ್ಲಾಂಪಿನ ಹಲ್ಲುಗಳಲ್ಲಿದೆ.

ಈ ಕೊನೆಯದೇ ಹೆಚ್ಚು ಕಾಡುವುದು. ಸೀಟಿನ ಕೆಳಗಿನ ಕ್ಲಾಂಪಿನಲ್ಲಿ ಒಂದು ಅಡ್ಡ ಬೋಲ್ಟು, ಅದರ ಎರಡು ತುದಿಗೆ ನಟ್ಟು, ಒಳಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲಿನ ಬಿಲ್ಲೆಗಳು. ಸೀಟಿನ ಮೂತಿ ಬೋಲ್ಟಿನಿಂದ ಸುಮಾರು ಅರ್ಧ ಅಡಿ ಮುಂದಿರುವುದರಿಂದ ಅದು ಸನ್ನೆಕೋಲಿನಂತೆ ಕೆಲಸ ಮಾಡುತ್ತದೆ. ಗುಂಡಿಯಲ್ಲಿ ಚಕ್ರ ಇಳಿದಾಗ ಭಾರವೆಲ್ಲ ಮೂತಿಯ ಕಡೆಗೋ ಹಿಂಭಾಗಕ್ಕೋ ಬಿದ್ದು ಹಲ್ಲುಗಳು ಒಂದು ಮೆಟ್ಟಿಲು ಜಾರುತ್ತವೆ. ಜಾರಿದಾಗಲೆಲ್ಲ ಹಲ್ಲಿನ ಅಂಚು ಸವೆಯುತ್ತದೆ. ಸವೆದ ಹಲ್ಲು ಮುಂದಿನ ಸಲ ಇನ್ನೂ ಕಡಿಮೆ ಭಾರಕ್ಕೆ ಜಾರುತ್ತದೆ. ಸಡಿಲವಿದ್ದಾಗಲೇ ಬಿಗಿಮಾಡಿದ್ದರೆ ಉಳಿಯುತ್ತಿದ್ದ ಕ್ಲಾಂಪು ಹೀಗೆ ತಿಂಗಳೊಪ್ಪತ್ತಿನಲ್ಲಿ ಹಾಳಾಗುತ್ತದೆ.

ಬಿಚ್ಚಿ ನೋಡಿದಾಗ ಹಲ್ಲು ಚೂಪಾಗಿದ್ದರೆ ಚಿಂತೆಯಿಲ್ಲ. ಸಂದುಗಳಲ್ಲಿ ಕೂತ ಎರೆಮಣ್ಣನ್ನೂ ಎಣ್ಣೆಯ ಜಿಡ್ಡನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಎರಡೂ ಕಡೆಯ ನಟ್ಟನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಬಿಗಿದರೆ ಕ್ಲಾಂಪು ಓರೆಯಾಗುತ್ತದೆ. ಎಣ್ಣೆ ಬೋಲ್ಟಿನ ಮರೆಗೆ ಮಾತ್ರ, ಹಲ್ಲುಗಳಿಗೆ ಒಂದು ಹನಿಯೂ ಕೂಡದು. ಹಲ್ಲು ನುಣ್ಣಗಾಗಿದ್ದರೆ ಭೀಮಬಲದಿಂದ ಬಿಗಿದರೂ ಫಲವಿಲ್ಲ, ಬೋಲ್ಟಿನ ಮರೆ ಕಿತ್ತುಬಂದೀತು. ಆಗ ಇಡೀ ಸೀಟನ್ನು ಕೊಳ್ಳಬೇಕಾಗಿಲ್ಲ. ಕ್ಲಾಂಪು ಬಿಡಿಯಾಗಿಯೇ ಸಿಗುತ್ತದೆ. ಸಂದಿಗೆ ಹಳೆಯ ಟ್ಯೂಬಿನ ತುಂಡು ತುರುಕುವುದು ನಮ್ಮ ಕಡೆಯ ರೂಢಿ. ರಬ್ಬರು ಅದುಮಿದರೆ ಅದುಮಿಕೊಳ್ಳುವ ವಸ್ತು, ವಾರದಲ್ಲಿ ಮತ್ತೆ ಸಡಿಲ. ವೆಲ್ಡಿಂಗ್ ಮಾಡಿಸುವುದು ಅದಕ್ಕಿಂತ ಕೆಟ್ಟದ್ದು: ಆಮೇಲೆ ಸೀಟಿನ ಓರೆಯನ್ನು ಹೊಂದಿಸಲು ಬರುವುದಿಲ್ಲ.

ಸೀಟು ಎಡಬಲಕ್ಕೆ ತಿರುಗುವುದಾದರೆ ಕ್ಲಾಂಪು ಪೈಪಿನ ತುದಿಯ ಕಿರಿದಾದ ಭಾಗವನ್ನು ಪೂರ್ತಿ ತಬ್ಬಿದೆಯೇ ಎಂದು ನೋಡಬೇಕು. ಅಂಚಿನಲ್ಲಿ ಮಾತ್ರ ಕಚ್ಚಿದ್ದರೆ ಎಷ್ಟು ಬಿಗಿದರೂ ತಿರುಗುತ್ತದೆ.

ಇನ್ನು ಪೈಪೇ ಇಳಿಯುವುದು. ಚೌಕಟ್ಟಿನ ಬಾಯಿಯಲ್ಲಿ ಸೀಳು ಇದ್ದು ಬೋಲ್ಟು ಅದರ ಎರಡು ಕಿವಿಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಕಿವಿಗಳು ಒಂದಕ್ಕೊಂದು ತಾಗಿಯೇ ಬಿಟ್ಟಿದ್ದರೆ ಪೈಪು ತೆಳುವೆಂದು ಅರ್ಥ. ಈ ಪೈಪುಗಳು ಮಿಲಿಮೀಟರಿನ ಹತ್ತನೆಯ ಎರಡು ಭಾಗದಷ್ಟು ಅಂತರದಲ್ಲಿ ಬೇರೆ ಬೇರೆ ಅಳತೆಗೆ ತಯಾರಾಗುತ್ತವೆ. ಕಣ್ಣಿಗೆ ಕಾಣದ ಆ ಅಂತರವೇ ಸಾಕು ಜಾರಲು. ಸರಿಯಳತೆಯ ಪೈಪು ಸಿಗುವವರೆಗೆ ತಂಪುಪಾನೀಯದ ಡಬ್ಬಿಯಿಂದ ಕತ್ತರಿಸಿದ ತಗಡನ್ನು ಒಂದೇ ಸುತ್ತು ಸುತ್ತಿದರೆ ಹಿಡಿತ ಬರುತ್ತದೆ. ಅಂಚು ಕೈ ಕೊಯ್ಯುತ್ತದೆ, ಇದು ದೊಡ್ಡವರ ಕೆಲಸ. ಪೈಪು ಎರಡೂವರೆ ಅಂಗುಲವಾದರೂ ಒಳಗಿರಲೇಬೇಕು. ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾದರೆ ಎತ್ತರ ಸರಿ. ಅದಕ್ಕಿಂತ ಬಹಳ ತಗ್ಗಿದರೆ ಸಂಜೆ ಮಂಡಿ ನೋಯುತ್ತದೆ.

ಮದರಾಸಿನಲ್ಲಿ ಟಿ.ಐ. ಸೈಕಲ್ಸ್ ಕಂಪನಿ ಸ್ಥಾಪನೆಯಾದ 1949ರಲ್ಲಿ ಆದೋನಿ, ಆಲೂರು ತಾಲ್ಲೂಕುಗಳು ಅದೇ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯವು. 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ರಾಜ್ಯ ಬದಲಾದರೂ ಕರಿಯ ಸೈಕಲ್ಲಿನ ಕ್ಲಾಂಪು ಬದಲಾಗಲಿಲ್ಲ. ಅಜ್ಜನ ಕಾಲದ ಪಾನ ಅಟ್ಟದ ಮೇಲಿದ್ದರೆ ಇಳಿಸಿ ನಟ್ಟಿಗೆ ಹಿಡಿದು ನೋಡಬಹುದು.

ಸರಿಮಾಡಿದ ಸೀಟನ್ನು ಮೂರನೆಯ ದಿನ ಇನ್ನೊಮ್ಮೆ ಬಿಗಿಯಬೇಕು. ಹೊಸ ಹಲ್ಲುಗಳು ಒಂದರೊಳಗೊಂದು ಕೂರುವಾಗ ನಟ್ಟು ತುಸು ಸಡಿಲವಾಗುತ್ತದೆ. ಆ ಕೆಲಸವನ್ನು ಹುಡುಗಿಯ ಕೈಯಿಂದಲೇ ಮಾಡಿಸಿದರೆ ಒಳ್ಳೆಯದು, ದಾರಿಯಲ್ಲಿ ಅಪ್ಪನೂ ಇರುವುದಿಲ್ಲ, ಪಂಚರ್ ಅಂಗಡಿಯೂ ಇರುವುದಿಲ್ಲ. ಉಗುರುಬಣ್ಣದ ಗೆರೆಗಳನ್ನು ಅಳಿಸದೆ ಬಿಡಬೇಕು. ಬೆಳಿಗ್ಗೆ ಚೀಲವನ್ನು ಕ್ಯಾರಿಯರಿಗೆ ಸಿಕ್ಕಿಸುವಾಗ ಅವು ನೇರವಾಗಿವೆಯೇ ಎಂದು ಒಮ್ಮೆ ಕಣ್ಣು ಹಾಯಿಸಿದರೆ ಸಾಕು.