ಕಡಲ ತಡಿಯಲ್ಲಿ ಒಂದು ದಿನದ ಪಾಠ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಹಳೆಯ ನೆನಪುಗಳನ್ನಷ್ಟೇ ಬರೆದು ಮುಗಿಸಲು ಮನಸ್ಸೊಪ್ಪಲಿಲ್ಲ. ನಿವೃತ್ತನಾದ ಮೇಲೂ ನನ್ನನ್ನು ಕಾಡುತ್ತಿರುವ ವಿಚಾರವೊಂದನ್ನು ಹಳೆವಿದ್ಯಾರ್ಥಿಗಳ ಹಾಗೂ ಹೆತ್ತವರ ಮುಂದಿಡಬಯಸುತ್ತೇನೆ.

ನಮ್ಮ ಶಾಲೆಯಿಂದ ಕಡಲತೀರಕ್ಕೆ ಎರಡು ಮೈಲಿಯ ದಾರಿ. ಮಳೆಗಾಲದಲ್ಲಿ ಅಲೆಗಳ ಮೊರೆತ ತರಗತಿಯೊಳಗೇ ಕೇಳಿಸುತ್ತದೆ. ಆದರೂ ವಾರ್ಷಿಕ ಪ್ರವಾಸವೆಂದರೆ ಬಸ್ಸು ಹಿಡಿದು ದೂರದ ಊರಿನ ಮನೋರಂಜನಾ ಉದ್ಯಾನಕ್ಕೆ ಹೋಗಿ ಕೃತಕ ಅಲೆಗಳಲ್ಲಿ ಆಡಿ ಬರುವುದು ಎಂಬ ರೂಢಿ ಈಚೆಗೆ ಬೆಳೆದಿದೆ. ಹಣ ತೆರಲಾಗದ ಮನೆಯ ಮಕ್ಕಳು ಆ ದಿನ ಮನೆಯಲ್ಲೇ ಉಳಿಯುತ್ತಾರೆ. ವರ್ಷಕ್ಕೊಂದು ದಿನವನ್ನಾದರೂ ಕಡಲತೀರದ ಪಾಠಕ್ಕೆ ಮೀಸಲಿಡಬೇಕು, ಅದು ವೇಳಾಪಟ್ಟಿಯ ಭಾಗವೇ ಆಗಬೇಕು ಎಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದುದಲ್ಲ. ನಾನು ಅಧ್ಯಾಪಕನಾಗಿದ್ದಾಗ ಏಳನೆಯ ತರಗತಿಯಲ್ಲಿ ಮೀನುಗಾರರ ಮನೆಯ ಹುಡುಗನೊಬ್ಬನಿದ್ದ. ಲೆಕ್ಕದಲ್ಲಿ ಹಿಂದೆ, ಹಾಜರಿಯಲ್ಲಿ ಇನ್ನೂ ಹಿಂದೆ. ಎಲ್ಲರೆದುರು ಅವನನ್ನು ನಿಲ್ಲಿಸಿ ನಾನು ಬೈದದ್ದುಂಟು. ಒಮ್ಮೆ ಮಕ್ಕಳನ್ನು ಕಡಲಿಗೆ ಕರೆದೊಯ್ದಾಗ, ಅಲೆಯಿಲ್ಲದೆ ಶಾಂತವಾಗಿ ಕಂಡ ಒಂದೆಡೆ ಮೊಣಕಾಲು ನೀರಿಗಿಳಿಯಲು ನಾನೇ ಅನುಮತಿ ಕೊಟ್ಟೆ. ಆ ಹುಡುಗ ಓಡಿಬಂದು ಅಡ್ಡ ನಿಂತ. "ಮಾಷ್ಟ್ರೇ, ಅಲ್ಲಿ ಬೇಡ. ಅಲೆ ಒಡೆಯದ ಕಡೆ ನೀರು ಒಳಕ್ಕೆ ಎಳೆಯುತ್ತದೆ" ಎಂದು ಹೇಳಿ, ತೆಂಗಿನ ಸಿಪ್ಪೆಯೊಂದನ್ನು ಎಸೆದು ತೋರಿಸಿದ. ನೋಡನೋಡುತ್ತಿದ್ದಂತೆ ಅದು ದಡ ಬಿಟ್ಟು ದೂರ ಸಾಗಿತು. ದಡಕ್ಕೆ ಬಂದ ನೀರು ಮರಳಿ ಹೋಗುವ ಹಾದಿಯದು ಎಂಬುದನ್ನು ಆ ದಿನ ಗುರುವಿಗೆ ಶಿಷ್ಯ ಕಲಿಸಿದ. ದಡ್ಡನೆಂದು ನಾನು ಬಗೆದವನಲ್ಲಿ ಎಷ್ಟು ವಿದ್ಯೆಯಿತ್ತೆಂಬುದು ತರಗತಿಯ ನಾಲ್ಕು ಗೋಡೆಗಳೊಳಗೆ ನನಗೆ ಕಂಡಿರಲೇ ಇಲ್ಲ.

ಕಡಲತೀರದಲ್ಲಿ ಕಲಿಸುವುದಾದರೂ ಏನನ್ನು ಎಂದು ಕೇಳುವವರಿದ್ದಾರೆ. ಒಂದು ಕೋಲನ್ನೂ ಅದರ ನೆರಳನ್ನೂ ಅಳೆದು, ತೆಂಗಿನ ಮರದ ನೆರಳಿನಿಂದ ಮರದ ಎತ್ತರ ಕಂಡುಹಿಡಿಯಲು ಹೇಳಿ. ತ್ರೈರಾಶಿಯನ್ನು ಮಗು ಮರೆಯದು. ಒಂದು ಲೀಟರ್ ಕಡಲನೀರನ್ನು ಅಗಲವಾದ ತಟ್ಟೆಗಳಿಗೆ ಹಂಚಿ ಬಿಸಿಲಿಗಿಟ್ಟು ಕೆಲವು ದಿನಗಳ ಬಳಿಕ ತೂಗಿದರೆ ಸುಮಾರು 35 ಗ್ರಾಂ ಉಪ್ಪು ದೊರೆಯುತ್ತದೆ. ನೀರು ಏರಿ ನಿಂತ ಗೆರೆಯಲ್ಲಿ ಕಡ್ಡಿ ನೆಟ್ಟು ವೇಳೆ ಬರೆದಿಟ್ಟರೆ, ಭರತವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದನ್ನೂ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಹೆಚ್ಚು ಏರುವುದನ್ನೂ ತೀರದ ಮನೆಯ ಮಕ್ಕಳೇ ಲೆಕ್ಕವಿಟ್ಟು ಹೇಳಬಲ್ಲರು. ಮರಳಿನ ಮೇಲೆ ಒಂದು ಮೀಟರಿನ ಚೌಕ ಗೀಚಿ ಅದರೊಳಗಿನ ಏಡಿಯ ಬಿಲಗಳನ್ನು ಎಣಿಸಲಿ. ಕಲ್ಲಿನ ತಡೆಗೋಡೆ ಕಟ್ಟಿದ ಕಡೆಗೂ ಕಟ್ಟದ ಕಡೆಗೂ ಎಣಿಕೆ ಒಂದೇ ಆಗಿದೆಯೇ ಎಂದು ನೋಡಲಿ. ಇದಕ್ಕೆ ಬೇಕಾದ ಉಪಕರಣಗಳ ಬೆಲೆ ಒಂದು ನೋಟುಪುಸ್ತಕದ ಬೆಲೆಗಿಂತ ಹೆಚ್ಚಿಲ್ಲ.

ಭಾಷೆಯ ಮಾತಂತೂ ನಮಗೆ, ಗಡಿನಾಡಿನವರಿಗೆ, ಇನ್ನೂ ಮುಖ್ಯ. ಕಾಸರಗೋಡು ಸಪ್ತಭಾಷೆಗಳ ಸಂಗಮಭೂಮಿ. ಬಲೆಯಿಂದ ಬಿದ್ದ ಒಂದೇ ಮೀನು ತುಳುವಿನ ಮಗುವಿಗೆ ಬೂತಾಯಿ, ಮಲಯಾಳದ ಮಗುವಿಗೆ ಮತ್ತಿ, ಕೊಂಕಣಿಯ ಮಗುವಿಗೆ ತಾರ್ಲೆ. ಈ ಹೆಸರುಗಳನ್ನು ಮಕ್ಕಳೇ ಕೇಳಿ ಪಟ್ಟಿಮಾಡಿದರೆ ಯಾರ ಮನೆಮಾತೂ ಕೀಳಲ್ಲವೆಂಬ ಅರಿವು ತಾನಾಗಿ ಮೂಡುತ್ತದೆ. ಜತೆಗೆ ಅಳಿವೆ, ಭರತ, ಇಳಿತ, ಕುದ್ರು, ರಂಪಣಿ ಎಂಬ ನಮ್ಮ ಕರಾವಳಿಯ ಮಾತುಗಳು ಕಿವಿಗೆ ಬೀಳುತ್ತವೆ. 1956ರ ನವೆಂಬರ್ 1ರಂದು ನಾಡಿನ ಗಡಿ ಬದಲಾಯಿತು, ಮಾತು ಉಳಿಯಿತು. ಆದರೆ ಆಡುವ ಸಂದರ್ಭವೇ ಇಲ್ಲವಾದರೆ ಯಾವ ಮಾತೂ ಹೆಚ್ಚು ಕಾಲ ಉಳಿಯಲಾರದು. ಕನ್ನಡ ಮಾಧ್ಯಮವನ್ನು ಉಳಿಸಬೇಕೆಂದು ಸಭೆಗಳಲ್ಲಿ ಗುಡುಗುವ ನಾವು, ಮಗು ಕನ್ನಡದಲ್ಲಿ ಹೆಸರಿಸಬಹುದಾದ ಲೋಕವನ್ನು ಅದಕ್ಕೆ ತೋರಿಸುತ್ತಿದ್ದೇವೆಯೇ?

ಅಪಾಯದ ಅಂಜಿಕೆ ಸಹಜ. ನನ್ನ ಅನುಭವವನ್ನೇ ಮುಚ್ಚಿಡದೆ ಹೇಳಿದ್ದೇನೆ. ಆದುದರಿಂದ ನೀರಿಗಿಳಿಸುವುದು ಬೇಡವೇ ಬೇಡ. ಮಳೆಗಾಲ ಕಳೆದ ಮೇಲೆ, ಇಳಿತದ ವೇಳೆಯನ್ನು ವಿಚಾರಿಸಿಕೊಂಡು, ಹತ್ತು ಮಕ್ಕಳಿಗೆ ಒಬ್ಬ ಹಿರಿಯರಂತೆ ಹೋಗಬೇಕು. ಕಡಲನ್ನು ಬಲ್ಲ ಮೀನುಗಾರರೊಬ್ಬರನ್ನು ಅಂದಿನ ಅಧ್ಯಾಪಕರೆಂದು ಗೌರವದಿಂದ ಆಹ್ವಾನಿಸಬೇಕು. ಪಾಠಗಳು ನಷ್ಟವಾಗುತ್ತವೆಂಬ ಆಕ್ಷೇಪವೂ ನಿಲ್ಲುವಂಥದಲ್ಲ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಅದಕ್ಕೂ ಬಹಳ ಹಿಂದೆ ನಮ್ಮ ನೆರೆಯ ಪುತ್ತೂರಿನ ಬಾಲವನದಲ್ಲಿ ಡಾ. ಶಿವರಾಮ ಕಾರಂತರು ಮಕ್ಕಳ ಶಿಕ್ಷಣದಲ್ಲಿ ಪ್ರಯೋಗ ನಡೆಸಿದುದನ್ನು ನಾವು ಮರೆಯಬಾರದು.

ಸುವರ್ಣ ಮಹೋತ್ಸವದ ನೆನಪಿಗೆ ಕಟ್ಟಡ, ರಂಗಮಂದಿರಗಳು ಏಳಲಿ; ಸಂತೋಷವೇ. ಅದರೊಡನೆ ಹಳೆವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಮಕ್ಕಳ ಕೈಹಿಡಿದು ಕಡಲತೀರಕ್ಕೆ ನಡೆಯುವ ಹೊಣೆ ಹೊರಲಿ ಎಂಬುದು ಈ ಮುದಿ ಅಧ್ಯಾಪಕನ ಬಿನ್ನಹ. ಕರೆದರೆ, ಕೋಲೂರಿಕೊಂಡಾದರೂ ನಾನೂ ಬರುತ್ತೇನೆ. ಶಾಲೆಗೆ ಶುಭವಾಗಲಿ.