ಅಂಕಿತವಿಲ್ಲದ ಹಾಡು

ದಾಸರ ಪದವನ್ನು ಕೇಳುವವನು ಕೊನೆಯ ಚರಣಕ್ಕಾಗಿ ಕಾಯುತ್ತಾನೆ. ‘ರಂಗವಿಠಲ’ ಎಂದು ಬಂದೊಡನೆ, ಇದು ನಮ್ಮ ಮುಳಬಾಗಿಲಿನ ಶ್ರೀಪಾದರಾಜರದೆಂದು ಅವನ ಮನಸ್ಸು ಒಪ್ಪಿಕೊಳ್ಳುತ್ತದೆ. ಐದು ಶತಮಾನ ಕಳೆದರೂ ಹಾಡಿನಿಂದ ಹೆಸರು ಅಗಲಲಿಲ್ಲ. ಈ ಸಂಸ್ಕಾರದಲ್ಲಿ ಬೆಳೆದವರಿಗೆ ಹಳೆಯ ಡಾನ್ಸ್ ಬ್ಯಾಂಡಿನ ಗ್ರಾಮಫೋನ್ ಪ್ಲೇಟು ವಿಚಿತ್ರ ವಸ್ತುವಾಗಿ ಕಾಣುವುದು ಸಹಜ.

ಅದರ ಲೇಬಲ್ಲನ್ನು ಓದಿ ನೋಡಿ. ಗೀತದ ಹೆಸರಿದೆ, ಫಾಕ್ಸ್‌ಟ್ರಾಟೋ ವಾಲ್ಟ್ಜೋ ಎಂಬ ಕುಣಿತದ ಜಾತಿ ಇದೆ, ತಂಡದ ನಾಯಕನ ಹೆಸರು ದಪ್ಪ ಅಕ್ಷರದಲ್ಲಿದೆ. ಹಾಡಿದವನೆಲ್ಲಿ? ‘ಪಲ್ಲವಿಗೆ ಗಾಯನವುಂಟು’ ಎಂಬರ್ಥದ ಎರಡು ಸಣ್ಣ ಮಾತುಗಳು ಮಾತ್ರ. ಮೂರು ನಿಮಿಷದ ವಾದನದ ನಡುವೆ ಅವನು ಎದ್ದು ಒಂದು ಪಲ್ಲವಿ ಹಾಡಿ ಕುಳಿತುಕೊಳ್ಳಬೇಕು. ಕುಣಿಯುವವರಿಗೆ ಬೇಕಾದುದು ಲಯ, ಹೆಸರಲ್ಲ. 1930ರ ದಶಕದ ಆದಿಯಲ್ಲಿ ರೇ ನೋಬಲ್‌ರ ತಂಡದೊಡನೆ ಹಾಡಿದ ಆಲ್ ಬೌಲಿಯ ಗತಿಯೂ ಬಹುಮಟ್ಟಿಗೆ ಇದೇ. ಅದಕ್ಕೆ ಮುಂಚೆ ಕಲ್ಕತ್ತೆಯ ಹೋಟೆಲಿನ ತಂಡದಲ್ಲಿಯೂ ಇದ್ದ ಈತ 1941ರಲ್ಲಿ ಲಂಡನ್ನಿನ ಮೇಲೆ ನಡೆದ ಬಾಂಬು ದಾಳಿಯಲ್ಲಿ ಸತ್ತ. ಅನೇಕ ಪ್ಲೇಟುಗಳಲ್ಲಿ ಕೇಳಿಬರುವ ಧ್ವನಿ ಅವನದೆಂದು ನಿರ್ಣಯಿಸಿ ಹೆಸರು ಹಚ್ಚಿದವರು ಸಂಗ್ರಾಹಕರು.

ನಮ್ಮವರ ರೀತಿ ಬೇರೆಯಿದ್ದಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಗುರುತು ಸಿಕ್ಕಲೆಂದು ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಕಾರಣ ವ್ಯಾವಹಾರಿಕ, ಫಲ ಮಾತ್ರ ಅಂಕಿತವೇ. ಆಕೆ 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡಳು. ಧ್ವನಿ ಇಂದಿಗೂ ತನ್ನ ಹೆಸರು ಹೇಳುತ್ತಿದೆ.

ಈ ಮಾತಿಗೂ ನಮ್ಮ ದೇವರಾಯಸಮುದ್ರದ ಸೀಮೆಗೂ ಏನು ಸಂಬಂಧ? ನಮ್ಮ ದಕ್ಷಿಣಕ್ಕೆ ಕೋಲಾರದ ಚಿನ್ನದ ಗಣಿಯಿದೆ. 1880ರಿಂದ ಜಾನ್ ಟೇಲರ್ ಕಂಪನಿ ಕಟ್ಟಿದ ಆ ಊರಿಗೆ ‘ಪುಟ್ಟ ಇಂಗ್ಲೆಂಡ್’ ಎಂಬ ಹೆಸರೇ ಇದ್ದಿತು. ಕ್ಲಬ್ಬುಗಳಿದ್ದವು, ಕುಣಿತವಿತ್ತು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಆಂಗ್ಲೋ-ಇಂಡಿಯನ್ ಮನೆತನಗಳಲ್ಲಿ ಬಹಳ ಮಂದಿ ಅದಕ್ಕೆ ಮುಂಚೆಯೇ ಊರು ಬಿಟ್ಟಿದ್ದರು. ಅಂಥ ಮನೆಗಳ ಪ್ಲೇಟುಗಳನ್ನು ಹುಡುಕುವವರು ಈಗ ಕೇಳುವುದು ಬೆಲೆಯನ್ನು, ಅಪೂರ್ವತೆಯನ್ನು. ಮೊದಲ ಒಡೆಯನು ಲೇಬಲ್ಲಿನ ಮೇಲೆ ಶಾಯಿಯಿಂದ ಬರೆದ ಹೆಸರು ಅವರ ಕಣ್ಣಿಗೆ ಕಳಂಕ. ಅಳಿಸಿದರೆ ಬೆಲೆ ಏರುತ್ತದಂತೆ! ನನ್ನ ದೃಷ್ಟಿಯಲ್ಲಿ ಇದು ಸಂಗ್ರಹವಲ್ಲ, ಸುಲಿಗೆ.

ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ತಮಿಳು, ತೆಲುಗು, ಕನ್ನಡದ ಜನ ಬೆವರು ಸುರಿಸುತ್ತಿದ್ದಾಗ ಮೇಲೆ ಕುಣಿದವರ ಸಂಗೀತ ನಮಗೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಆದರೆ ಕೀಲಿ ಕೊಟ್ಟು ಮುಳ್ಳು ಬದಲಿಸಿದವರಾರು, ಬಾಗಿಲಾಚೆ ನಿಂತು ಕೇಳಿದವರಾರು? ಅವರ ಹೆಸರು ಯಾವ ಲೇಬಲ್ಲಿನಲ್ಲಿಯೂ ಬರುವುದಿಲ್ಲ. ವೃದ್ಧರ ನೆನಪಿನಲ್ಲಿ ಮಾತ್ರ ಇದೆ. ಆ ನೆನಪು ಇನ್ನು ಬಹಳ ವರ್ಷ ನಿಲ್ಲದು. ಕೋಲಾರ, ಮುಳಬಾಗಿಲುಗಳ ಕಾಲೇಜುಗಳಿಂದ ನಾಲ್ಕು ಮಂದಿ ವಿದ್ಯಾರ್ಥಿಗಳು ನೋಟುಪುಸ್ತಕ ಹಿಡಿದು ಹೊರಟರೆ ಸಾಕು. ಪ್ಲೇಟು ಯಾರ ಮನೆಯದು, ಎಲ್ಲಿ ಕೊಂಡದ್ದು, ಯಾರು ಕೇಳಿದರು ಎಂಬುದನ್ನು ಬರೆದುಕೊಳ್ಳಲಿ. ಪ್ಲೇಟು ಆ ಮನೆಯಲ್ಲಿಯೇ ಇರಲಿ, ಚಿಂತೆಯಿಲ್ಲ.

ಒಂದು ಎಚ್ಚರ. ಈ ಪ್ಲೇಟುಗಳು ಅರಗಿನವು. ಸ್ಪಿರಿಟ್ ತಗುಲಿದರೆ ಕರಗುತ್ತವೆ. ನೀರು ತಗುಲಿದರೆ ಶಾಯಿ ಹೋಗುತ್ತದೆ. ಲೇಬಲ್ಲಿನ ಬರಹವನ್ನು ಮೊದಲು ನಕಲು ಮಾಡಿಕೊಂಡು, ಧೂಳನ್ನು ಆಮೇಲೆ ಒಣಬಟ್ಟೆಯಿಂದ ಒರೆಸಲಿ.