ತಕ್ಕಡಿ ಸರಿಯಿಲ್ಲ

ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ರೈಲು ಹತ್ತಿದರೆ ಮೂರು ಸಾವಿರ ಕಿಲೋಮೀಟರಿಗೂ ಆಚೆಯ ಅಗರ್ತಲದಲ್ಲಿ ಇಳಿಯಬಹುದು. ಮಡಿಕೇರಿಯಲ್ಲಿ ಇಳಿಯಲಾಗದು, ಕೊಡಗಿನಲ್ಲಿ ಹಳಿಯೇ ಇಲ್ಲ. 1952ರಲ್ಲಿ ತ್ರಿಪುರವೂ ಕೊಡಗೂ ಒಂದೇ ಪಂಕ್ತಿಯಲ್ಲಿದ್ದವು, ಎರಡೂ 'ಸಿ' ದರ್ಜೆಯ ರಾಜ್ಯಗಳು. ತ್ರಿಪುರ 1972ರಲ್ಲಿ ಪೂರ್ಣ ರಾಜ್ಯವಾಯಿತು. ಲೋಕಸಭೆಯಲ್ಲಿ ಅದರ ಎರಡು ಸ್ಥಾನಗಳು ಇಂದಿಗೂ ಇವೆ. ಕೊಡಗಿಗಿದ್ದ ಒಂದೇ ಒಂದು ಸ್ಥಾನ ಎರಡನೇ ಮಹಾಚುನಾವಣೆಯನ್ನೇ ಕಾಣಲಿಲ್ಲ.

ರಾಜ್ಯಸಭೆಯಲ್ಲಂತೂ ಆಗಲೂ ಪೂರ್ತಿ ಸ್ಥಾನ ಸಿಕ್ಕಿರಲಿಲ್ಲ. ರಾಜಸ್ಥಾನದ ನಡುವಿನ ಅಜ್ಮೇರಕ್ಕೂ ಕಾವೇರಿಯ ತವರಿಗೂ ಸೇರಿ ಒಂದೇ ಕುರ್ಚಿ. ಮರುಭೂಮಿಯ ಅಂಚಿಗೂ ಮಳೆಕಾಡಿಗೂ ಗಂಟು ಹಾಕಿದ ಆ ಜಾಣರು ಯಾರೋ!

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಸೇರಿದ್ದು ತಪ್ಪೆಂದು ಈ ಪತ್ರಿಕೆ ಹೇಳುವುದಿಲ್ಲ. ಕೊಡಗಿನಲ್ಲೇ ಎರಡು ಅಭಿಪ್ರಾಯವಿತ್ತು: 1952ರ ವಿಧಾನಸಭೆಯ 24 ಸ್ಥಾನಗಳಲ್ಲಿ ಕಾಂಗ್ರೆಸ್ 15 ಗೆದ್ದರೆ, ವಿಲೀನ ಬೇಡವೆಂದು ಪಂದ್ಯಂಡ ಬೆಳ್ಳಿಯಪ್ಪನವರ ಜೊತೆ ತಕ್ಕಡಿ ಗುರುತಿನಲ್ಲಿ ನಿಂತವರು 9 ಗೆದ್ದರು. ತಪ್ಪು ಬೇರೆ ಕಡೆ ಇದೆ. ಒಂದು ರಾಜ್ಯವನ್ನು ಜಿಲ್ಲೆಯಾಗಿ ಇಳಿಸುವಾಗ ದೆಹಲಿಯಲ್ಲಿ ಅದರ ದನಿ ಉಳಿಯುವಂತೆ ಒಂದು ಸಾಲನ್ನೂ ಬರೆದಿಡಲಿಲ್ಲ. ಮೈಸೂರಿನ ನಾಯಕರು ಕೇಳಲಿಲ್ಲ, ಕೇಂದ್ರ ಕೊಡಲಿಲ್ಲ.

ಆಮೇಲೆ ಕೊಡಗು ದಶಕಗಳ ಕಾಲ ಮಂಗಳೂರು ಕ್ಷೇತ್ರದ ಬಾಲವಾಯಿತು. 2008ರ ಪುನರ್ವಿಂಗಡಣೆ ಅದನ್ನು ಬಿಡಿಸಿ ಮೈಸೂರಿಗೆ ಕಟ್ಟಿತು. ಅದೇ ಏಟಿಗೆ ಸೋಮವಾರಪೇಟೆ ವಿಧಾನಸಭಾ ಕ್ಷೇತ್ರ ಅಳಿಸಿಹೋಯಿತು. ಈಗ ಮೈಸೂರು–ಕೊಡಗಿನ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಮಡಿಕೇರಿ, ವಿರಾಜಪೇಟೆ ಎರಡೇ ಕೊಡಗಿನವು. ಹೆಸರಿನಲ್ಲಿ ಅರ್ಧ, ಲೆಕ್ಕದಲ್ಲಿ ಕಾಲು.

ಕೊಡಗಿನವರಿಗೆ ದೊಡ್ಡ ಪದವಿ ಸಿಕ್ಕಿಲ್ಲವೇ ಎಂದು ಕೇಳುವವರಿದ್ದಾರೆ. ಸಿಕ್ಕಿದೆ. ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಸಿ.ಎಂ. ಪೂಣಚ್ಚ 1967ರಲ್ಲಿ ಮಂಗಳೂರಿನಿಂದ ಗೆದ್ದರು, 1969ರವರೆಗೆ ರೈಲ್ವೆ ಸಚಿವರೇ ಆಗಿದ್ದರು. ಕೊಡಗಿಗೆ ರೈಲು ಬರಲಿಲ್ಲ. ಅವರನ್ನು ದೂರಿ ಫಲವಿಲ್ಲ. ಮಂಗಳೂರಿನಿಂದ ಆರಿಸಿಬಂದವರು ಮಂಗಳೂರಿಗೂ ಉತ್ತರ ಹೇಳಬೇಕಿತ್ತು. ರೈಲು ಬಂದರೆ ಕಾಡು, ಆನೆದಾರಿ ಏನಾದೀತು ಎಂದು ಅಂಜುವವರು ಕೊಡಗಿನಲ್ಲಿ ಕಡಿಮೆಯಿಲ್ಲ. ಬೇಕೋ ಬೇಡವೋ, ಆ ಜಗಳವನ್ನು ಲೋಕಸಭೆಯಲ್ಲಿ ಆಡಲು ಕೊಡಗಿಗೇ ಉತ್ತರ ಹೇಳಬೇಕಾದ ಒಬ್ಬರಿಲ್ಲ.

ಜನಸಂಖ್ಯೆ ಸಾಲದು ಎಂಬುದು ಹಳೆಯ ಆಕ್ಷೇಪ. 2011ರ ಜನಗಣತಿಯಲ್ಲಿ ಕೊಡಗಿನ ಜನ 5,54,519. ಲಕ್ಷದ್ವೀಪದಲ್ಲಿ 64,473, ಆ ದ್ವೀಪಗಳ ಸದಸ್ಯರನ್ನು ಮೊದಲು ರಾಷ್ಟ್ರಪತಿ ನೇಮಿಸುತ್ತಿದ್ದರು, 1967ರಿಂದ ಜನರೇ ಆರಿಸುತ್ತಿದ್ದಾರೆ. ಅದು ಕೇಂದ್ರಾಡಳಿತ ಪ್ರದೇಶ, ನಿಜ. ಹಾಗಾದರೆ ಅಡ್ಡಿಯಾದದ್ದು ತಲೆಯೆಣಿಕೆಯಲ್ಲ, 1956ರಲ್ಲಿ ಕಳೆದುಕೊಂಡ ದರ್ಜೆ ಎಂದು ನೇರವಾಗಿ ಒಪ್ಪಿಕೊಳ್ಳಿ. ರಾಜ್ಯದೊಳಗೆ ಕ್ಷೇತ್ರಗಳು 'ಸಾಧ್ಯವಿದ್ದಷ್ಟೂ' ಸಮನಾಗಿರಬೇಕೆಂದು ಸಂವಿಧಾನದ 81ನೇ ವಿಧಿ ಹೇಳುತ್ತದೆ. ಆ 'ಸಾಧ್ಯವಿದ್ದಷ್ಟೂ' ಎಷ್ಟು ಹಿಗ್ಗುತ್ತದೆ ಎನ್ನುವುದಕ್ಕೆ ನಮ್ಮ ಪಕ್ಕದ ಕೆ.ಆರ್. ಪುರವೇ ಸಾಕ್ಷಿ: ಅದು ಸೇರಿರುವ ಬೆಂಗಳೂರು ಉತ್ತರದಲ್ಲಿ ಮತದಾರರೇ 30 ಲಕ್ಷ ಮೀರಿದ್ದಾರೆ, ಉಡುಪಿ–ಚಿಕ್ಕಮಗಳೂರಿನಲ್ಲಿ ಸುಮಾರು ಅದರ ಅರ್ಧ. ನಗರ ಬೆಳೆದಾಗ ತಾನಾಗಿ ಹಿಗ್ಗಿದ ನಿಯಮ ಕೊಡಗಿನ ಸರದಿ ಬಂದಾಗ ಮಾತ್ರ ಕಬ್ಬಿಣವಾಗುವುದು ನ್ಯಾಯವಲ್ಲ.

ಪ್ರತಿನಿಧಿ ಇಲ್ಲದ ಪಾಡು ಬೈಯಪ್ಪನಹಳ್ಳಿಗೆ ಹೊಸದಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚರಂಡಿಯ ದೂರನ್ನು ಹೇಳಿಕೊಳ್ಳಲೂ ಇಲ್ಲಿ ಕಾರ್ಪೊರೇಟರ್ ಇರಲಿಲ್ಲ. ಕೊಡಗು ದೆಹಲಿಯಲ್ಲಿ ಹಾಗೆ ಕಾಯುತ್ತ ಏಳು ದಶಕವಾಗುತ್ತ ಬಂತು.

ಮುಂದಿನ ಪುನರ್ವಿಂಗಡಣೆಯಲ್ಲಿ ಕೊಡಗಿಗೆ ಅದರದೇ ಲೋಕಸಭಾ ಕ್ಷೇತ್ರ ಸಿಗಬೇಕು. ಆಯೋಗದ ಕೈ ಅಷ್ಟು ಚಾಚದಿದ್ದರೆ ಸಂಸತ್ತೇ ಕಾನೂನು ಮಾಡಲಿ, ಕರ್ನಾಟಕದ 28 ಸಂಸದರೂ ಪಕ್ಷಭೇದವಿಲ್ಲದೆ ಕೈ ಎತ್ತಲಿ. ಹಾಗಾದರೆ ಬೈಯಪ್ಪನಹಳ್ಳಿಯ ಓಟಿನ ತೂಕ ಕೂದಲೆಳೆಯಷ್ಟು ಇಳಿಯುತ್ತದೆ. ಇಳಿಯಲಿ. ದಿನಾ ಬೆಳಗ್ಗೆ ನಲ್ಲಿಯಲ್ಲಿ ಕಾವೇರಿ ಹಿಡಿಯುವವರು ಅಷ್ಟನ್ನು ತೆರಬಹುದು.